ಗೋವಿನಜೋಳ, ಸುಣ್ಣ, ಸಂಕೇಶ್ವರಿ ಖಾರ

ಮೆಕ್ಸಿಕೋದ ಅಡುಗೆಮನೆಗೆ ಎಲ್ಲಕ್ಕಿಂತ ಮೊದಲು ಬೇಕಾದ ಸಾಮಾನು ಸುಣ್ಣ. ಒಣಗಿದ ಗೋವಿನಜೋಳದ ಕಾಳನ್ನು ಸುಣ್ಣದ ನೀರಿನಲ್ಲಿ ಕುದಿಸುತ್ತಾರೆ, ರಾತ್ರಿಯಿಡೀ ಅದರಲ್ಲೇ ಬಿಡುತ್ತಾರೆ, ಬೆಳಿಗ್ಗೆ ತಿಕ್ಕಿ ತೊಳೆದು ಹಸಿಯಾಗಿಯೇ ಕಲ್ಲಿನ ಮೇಲೆ ಅರೆಯುತ್ತಾರೆ. ಹಾಗೆ ಅರೆದ ಹಿಟ್ಟು ಮಾಸಾ. ಅದನ್ನು ಕೈಯಲ್ಲಿ ತಟ್ಟಿ ಹಂಚಿಗೆ ಹಾಕಿದರೆ ಟೋರ್ಟಿಯಾ. ಟೋರ್ಟಿಯಾದೊಳಗೆ ಬೆಂದದ್ದೋ ಹುರಿದದ್ದೋ ಇಟ್ಟು, ಖಾರ ಹಚ್ಚಿ ಮಡಚಿದರೆ ಟಾಕೊ.

ಆ ಸುಣ್ಣ ನಮ್ಮ ಬೆಳಗಾವಿ ಸೀಮೆಯ ನಿಪ್ಪಾಣಿ ಸಂತೆಯಲ್ಲಿದೆ, ಚಿಕ್ಕೋಡಿಯ ಪಾನ್ ಅಂಗಡಿಯಲ್ಲಿದೆ, ತಂಬಾಕು ತಿಕ್ಕುವ ಹಿರಿಯರ ಕಿಸೆಯ ಡಬ್ಬಿಯಲ್ಲಿದೆ. ಕಬ್ಬಿನ ಹಾಲು ತಿಳಿಯಾಗಲಿ ಎಂದು ಬೆಲ್ಲದ ಗಾಣದ ಕೊಪ್ಪರಿಗೆಗೂ ಅದನ್ನೇ ಹಾಕುತ್ತಾರೆ. ಗೋವಿನಜೋಳ ಕೃಷ್ಣೆ, ದೂಧಗಂಗೆ, ವೇದಗಂಗೆಯ ಬಯಲಿನುದ್ದಕ್ಕೂ ಬೆಳೆಯುತ್ತದೆ. ಹಂಚು ಪ್ರತಿ ಮನೆಯ ಒಲೆಯ ಮೇಲಿದೆ, ರೊಟ್ಟಿ ಬಡಿಯುವ ಕೈಗಳಿಗೆ ಇಲ್ಲಿ ಬರವಿಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಐದು ತಾಲ್ಲೂಕುಗಳ ಬೆಳೆಯಿಂದಲೇ ಮೆಕ್ಸಿಕೋದ ಪೂರ್ತಿ ಊಟವೊಂದನ್ನು ಬಡಿಸಬಹುದು. ಹಾಗೆ ಬಡಿಸಿದ ಊಟ ಮಹಾನಗರದ ಮಾಲ್‌ಗಳಲ್ಲಿ ಸಿಗುವ ತಟ್ಟೆಗಿಂತ ಮೆಕ್ಸಿಕೋದ ಹಳ್ಳಿಗೆ ಹೆಚ್ಚು ಹತ್ತಿರವಾಗಿರುತ್ತದೆ ಎಂದು ನಾನು ಪೂರಾ ನಂಬಿದ್ದೇನೆ.

ಕರ್ನಾಟಕದ ಬಹುತೇಕರಿಗೆ ಈ ಊಟದ ಪರಿಚಯವಾದದ್ದು ಬೆಂಗಳೂರಿನ ದಾರಿಯಿಂದ. ಟಾಕೊ ಬೆಲ್ ತನ್ನ ಭಾರತದ ಮೊದಲ ಅಂಗಡಿಯನ್ನು 2010ರಲ್ಲಿ ಮಲ್ಲೇಶ್ವರದ ಮಂತ್ರಿ ಮಾಲ್‌ನಲ್ಲಿ ತೆರೆಯಿತು. 2012ರಲ್ಲಿ ಅದೇ ನಗರದಲ್ಲಿ ಕ್ಯಾಲಿಫೋರ್ನಿಯಾ ಬರಿಟೊ ಶುರುವಾಯಿತು. ಇವೆರಡರ ರುಚಿಯ ಬೇರು ಇರುವುದು ಅಮೆರಿಕದಲ್ಲಿ. ಕುರುಕುಲು ಚಿಪ್ಪು, ಹಳದಿ ಚೀಸ್, ಅನ್ನ ತುಂಬಿದ ದಪ್ಪ ಸುರುಳಿ ಎಲ್ಲವೂ ಗಡಿಯ ಆಚೆ, ಅಮೆರಿಕದ ನೆಲದಲ್ಲಿ ರೂಪ ಪಡೆದವು. ಟಾಕೊ ಬೆಲ್ ಬೆಂಗಳೂರಿಗೆ ಬಂದ ಆ 2010ರಲ್ಲೇ ಯುನೆಸ್ಕೋ ಮೆಕ್ಸಿಕೋದ ಸಾಂಪ್ರದಾಯಿಕ ಅಡುಗೆಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಯುನೆಸ್ಕೋ ಗೌರವಿಸಿದ್ದು ಹೊಲದಿಂದ ಹಂಚಿನವರೆಗಿನ ಇಡೀ ಬದುಕನ್ನು: ಗೋವಿನಜೋಳ, ಅವರೆಯಂಥ ಬಳ್ಳಿಕಾಳು, ಕುಂಬಳ, ಮೆಣಸಿನಕಾಯಿ ಒಂದೇ ಹೊಲದಲ್ಲಿ ಕೂಡಿ ಬೆಳೆಯುವ ‘ಮಿಲ್ಪಾ’ ಬೇಸಾಯ, ಸುಣ್ಣದಲ್ಲಿ ಕಾಳು ಬೇಯಿಸುವ ಕ್ರಮ, ಕಲ್ಲಿನಲ್ಲಿ ಅರೆಯುವ ಕೈಗಳು. ನಮ್ಮ ರೈತರಿಗೆ ಮಿಲ್ಪಾ ವಿವರಿಸಿ ಹೇಳಬೇಕಿಲ್ಲ. ಜೋಳದ ಹೊಲದಲ್ಲಿ ಅಕ್ಕಡಿ ಹಾಕುತ್ತಿದ್ದ ನೆನಪು ಅಥಣಿಯ ಪೂರ್ವ ಭಾಗದಲ್ಲಿ ಇನ್ನೂ ಹಸಿಯಾಗಿದೆ. ನದಿ ದಂಡೆಯ ಕಡೆ ಅದನ್ನು ಕಬ್ಬು ನುಂಗಿತು.

ರೊಟ್ಟಿಯ ಅದಲುಬದಲು

ಒಂದು ಕಿಲೋ ಒಣ ಕಾಳಿಗೆ ಸುಮಾರು 10 ಗ್ರಾಂ ತಿನ್ನುವ ಸುಣ್ಣದ ಪುಡಿ, 3 ಲೀಟರ್ ನೀರು, ಮುಕ್ಕಾಲು ತಾಸಿನ ಕುದಿ, ಆಮೇಲೆ ಒಂದು ರಾತ್ರಿಯ ನೆನೆ. ಬೆಳಿಗ್ಗೆ ಕಾಳಿನ ಮೇಲಿನ ಪೊರೆ ಬೆರಳಿಗೆ ಜಾರಿ ಬರುತ್ತದೆ. ಅಡುಗೆಮನೆಯ ತುಂಬ ಒಂದು ವಾಸನೆ ಹರಡುತ್ತದೆ, ಮಳೆ ಬಿದ್ದ ಸುಣ್ಣದ ಗೋಡೆಯ ತಂಪೂ ಬೆಂದ ತೆನೆಯ ಸಿಹಿಯೂ ಕೂಡಿದ್ದು. ನಮ್ಮಲ್ಲಿ ಹೆಚ್ಚಾಗಿ ಬೆಳೆಯುವ ಕಿತ್ತಳೆ ಬಣ್ಣದ ಕಾಳು ಗಟ್ಟಿ. ಅದನ್ನು ತುಸು ಹೆಚ್ಚು ಹೊತ್ತು ಬೇಯಿಸಬೇಕು, ಅರೆಯುವಾಗ ನೀರು ಚಿಮುಕಿಸುತ್ತ ಇರಬೇಕು. ಗೋವಿನಜೋಳದ ಒಣ ಹಿಟ್ಟಿನ ರೊಟ್ಟಿ ತಟ್ಟುವಾಗಲೇ ಅಂಚು ಬಿರಿಯುತ್ತದೆ. ಸುಣ್ಣ ಕಂಡ ಹಿಟ್ಟು ಬಿರಿಯುವುದಿಲ್ಲ, ಮಡಚಿದರೂ ಮುರಿಯುವುದಿಲ್ಲ.

ಇದು ಬರೀ ರುಚಿಗಾಗಿ ಹುಟ್ಟಿದ ಜಾಣತನವಲ್ಲ. ಗೋವಿನಜೋಳದಲ್ಲಿ ಬಂಧಿಯಾಗಿರುವ ನಿಯಾಸಿನ್ ಎಂಬ ಬಿ ಜೀವಸತ್ವವನ್ನು ಸುಣ್ಣ ಬಿಡಿಸುತ್ತದೆ, ಜೊತೆಗೆ ಕ್ಯಾಲ್ಸಿಯಂ ಸೇರಿಸುತ್ತದೆ. ಸ್ಪೇನಿನವರು ಮೆಕ್ಸಿಕೋದಿಂದ ಕಾಳನ್ನು ಒಯ್ದರು, ಸುಣ್ಣದ ವಿದ್ಯೆಯನ್ನು ಬಿಟ್ಟುಹೋದರು. ಆ ಕಾಳನ್ನೇ ಮೂರು ಹೊತ್ತೂ ಉಂಡ ಉತ್ತರ ಇಟಲಿಯ ಬಡವರಿಗೆ, ಆಮೇಲೆ ಅಮೆರಿಕದ ದಕ್ಷಿಣ ರಾಜ್ಯಗಳ ಕೂಲಿಗಳಿಗೆ ಪೆಲ್ಲಾಗ್ರಾ ಎಂಬ ಚರ್ಮ, ಹೊಟ್ಟೆ, ಬುದ್ಧಿ ಮೂರನ್ನೂ ಕೆಡಿಸುವ ರೋಗ ಅಂಟಿತು. ನಮ್ಮ ದಖ್ಖನಿನಲ್ಲಿ ಜೋಳವನ್ನೇ ನಂಬಿದ ಬಡವರಲ್ಲೂ ಆ ರೋಗ ಕಾಣಿಸುತ್ತಿತ್ತು. ಹೈದರಾಬಾದಿನಲ್ಲಿ ಸಂಶೋಧನೆ ಮಾಡುತ್ತಿದ್ದ ಡಾ. ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ, ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಅಂಶಕ್ಕೂ ಈ ರೋಗಕ್ಕೂ ನಂಟಿದೆ ಎಂಬ ವಾದವನ್ನು 1960ರಲ್ಲಿ ಮುಂದಿಟ್ಟರು. ರೊಟ್ಟಿಯ ಜೊತೆ ಕಾಳು, ಸೊಪ್ಪು, ಹಿಂಡಿ, ಮೊಸರು ಇರಲೇಬೇಕು ಎಂದು ನಮ್ಮ ಹಿರಿಯರು ಹಿಡಿದ ಹಟದ ಹಿಂದಿನ ಬೆಲೆ ಇಂಥಲ್ಲಿ ತಿಳಿಯುತ್ತದೆ.

ಈಗ ಎರಡು ನಾಡುಗಳ ನಡುವೆ ಆಗಿಹೋದ ಒಂದು ವಿಚಿತ್ರ ಅದಲುಬದಲನ್ನು ನೋಡಿ. ಮೆಕ್ಸಿಕೋದವರು ದೇವರೆಂದು ಪೂಜಿಸಿದ ಗೋವಿನಜೋಳ ನಮ್ಮಲ್ಲಿ ಬಹುಪಾಲು ಕೋಳಿ ಆಹಾರದ ಗಿರಣಿಗೆ, ಪಿಷ್ಟದ ಕಾರ್ಖಾನೆಗೆ, ಈಚೆಗೆ ಎಥನಾಲ್‌ಗೆ ಹೋಗುತ್ತದೆ. ನಾವು ಅನ್ನವೆಂದು ಕಣ್ಣಿಗೊತ್ತಿಕೊಳ್ಳುವ ಜೋಳವನ್ನು ಮೆಕ್ಸಿಕೋ ಅಪಾರ ಪ್ರಮಾಣದಲ್ಲಿ ಬೆಳೆಯುತ್ತದೆ, ಉತ್ತರದ ತಮೌಲಿಪಾಸ್ ರಾಜ್ಯದಲ್ಲಂತೂ ಕಣ್ಣು ಹಾಯುವಷ್ಟು ದೂರ ಅದೇ ಬೆಳೆ. ಅದು ಬಹುಪಾಲು ದನ, ಹಂದಿ, ಕೋಳಿಗಳ ಮೇವು. ಆದರೆ ಮೆಕ್ಸಿಕೋದ ದಕ್ಷಿಣಕ್ಕೆ, ಹೊಂಡುರಾಸ್ ಮತ್ತು ಎಲ್ ಸಾಲ್ವಡಾರ್‌ನ ಒಣ ಗುಡ್ಡಗಳಲ್ಲಿ ಬಡ ರೈತರು ಜೋಳವನ್ನು ಸುಣ್ಣದಲ್ಲಿ ಬೇಯಿಸಿ ಟೋರ್ಟಿಯಾ ತಟ್ಟುತ್ತಾರೆ. ಗೋವಿನಜೋಳ ಕೈಕೊಟ್ಟ ಬರದ ವರ್ಷ ಅವರನ್ನು ಸಾಕುವುದು ಜೋಳವೇ. ಅಥಣಿಯ ಎರೆಮಣ್ಣಿನ ಮಾಲದಂಡಿ ಜೋಳದಿಂದ ಟಾಕೊ ಮಾಡಿದರೆ ಅದು ಅನುಕೂಲಕ್ಕೆ ಮಾಡಿಕೊಂಡ ಬದಲಿ ಎಂದು ಯಾರೂ ಹೇಳುವಂತಿಲ್ಲ. ಅದಕ್ಕೆ ಅಲ್ಲಿಯೇ ವಂಶವಿದೆ.

ಚಪಾತಿಯ ಕಥೆಯೂ ಇಲ್ಲಿಗೇ ಬಂದು ಸೇರುತ್ತದೆ. ಕೃಷಿ ವಿಜ್ಞಾನಿ ನಾರ್ಮನ್ ಬೋರ್ಲಾಗ್ ಮೆಕ್ಸಿಕೋದಲ್ಲಿ ರೂಪಿಸಿದ ಗಿಡ್ಡ ಗೋಧಿ ತಳಿಗಳ 18,000 ಟನ್ ಬೀಜವನ್ನು ಭಾರತ 1966ರಲ್ಲಿ ತರಿಸಿಕೊಂಡಿತು. ಲೆರ್ಮಾ ರೋಹೋ, ಸೋನೋರಾ 64 ಅವುಗಳ ಹೆಸರು. ಸೋನೋರಾ ಎಂಬುದು ಮೆಕ್ಸಿಕೋದ ಗೋಧಿ ಸೀಮೆ. ತೆಳ್ಳಗಿನ ಗೋಧಿ ಟೋರ್ಟಿಯಾಕ್ಕೆ ಹೆಸರಾದದ್ದೂ ಆ ಸೀಮೆಯೇ.

ಖಾರದ ನಂಟು

ನಮ್ಮ ಮೆಣಸಿನಕಾಯಿಯ ತವರು ಮೆಕ್ಸಿಕೋ. 16ನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳಲ್ಲಿ ಅದು ಗೋವೆಯ ದಂಡೆಗೆ ಬಂತು. ಗೋವೆ ನಮಗೆ ದೂರವಿಲ್ಲ. ಅಂಬೋಲಿ ಘಟ್ಟ ಹತ್ತಿದರೆ ಆಜರಾ, ಗಡಹಿಂಗ್ಲಜ, ಅದರಾಚೆ ಸಂಕೇಶ್ವರ. ಆ ಸಂಕೇಶ್ವರದ ಹೆಸರು ಹೊತ್ತ ಮೆಣಸಿನಕಾಯಿ ಉದ್ದ, ತೆಳ್ಳಗೆ, ಮೈಯೆಲ್ಲ ಸುಕ್ಕು. ಚಿಕ್ಕೋಡಿ, ನಿಪ್ಪಾಣಿ, ಹುಕ್ಕೇರಿ, ಗಡಹಿಂಗ್ಲಜ ಕಡೆಯ ಮನೆಗಳಲ್ಲಿ ವರ್ಷದ ಖಾರ ಕುಟ್ಟಿಸಲು ಇದು ಬೇಕೇಬೇಕು, ಕೊಲ್ಹಾಪುರದ ಕಾಂದಾ ಲಸೂಣ ಮಸಾಲೆಯ ಜೀವವೂ ಇದೇ. ಬಣ್ಣಕ್ಕೆ ಬ್ಯಾಡಗಿ. 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಈ ಕಾಯಿ ಕೆಂಪು ಕೊಡುತ್ತದೆ, ನಾಲಿಗೆ ಸುಡುವುದಿಲ್ಲ.

ಮೆಕ್ಸಿಕೋದ ಅಡುಗೆಯವರೂ ಕೆಲಸವನ್ನು ಹೀಗೆಯೇ ಹಂಚುತ್ತಾರೆ. ಬಣ್ಣ ಮತ್ತು ಮೈಗೆ ಗ್ವಾಹಿಯೋ, ಆಂಚೊ ಎಂಬ ಸೌಮ್ಯ ಒಣಕಾಯಿಗಳು, ಚುರುಕಿಗೆ ಆರ್ಬೊಲ್ ಎಂಬ ಸಣ್ಣ ಕಾಯಿ. ಗ್ವಾಹಿಯೋ ಇರಬೇಕಾದಲ್ಲಿ ಬ್ಯಾಡಗಿ, ಆರ್ಬೊಲ್ ಇರಬೇಕಾದಲ್ಲಿ ಸಂಕೇಶ್ವರಿ ಹಾಕಿದರೆ ಹೊರಗಿನಿಂದ ಒಂದು ಕಾಯಿಯನ್ನೂ ತರಿಸಬೇಕಿಲ್ಲ. ಹಂಚಿನ ಮೇಲೆ ಟೊಮೆಟೊ, ಉಳ್ಳಾಗಡ್ಡಿ, ಬೆಳ್ಳುಳ್ಳಿ ಕಪ್ಪು ಕಲೆ ಬೀಳುವವರೆಗೆ ಸುಟ್ಟು, ಒಣಕಾಯಿ ಬೆಚ್ಚಗೆ ಮಾಡಿ ಬಿಸಿನೀರಿನಲ್ಲಿ ನೆನೆಸಿ, ಒಳಕಲ್ಲಿನಲ್ಲಿ ಉಪ್ಪು ಹಾಕಿ ಒರಟಾಗಿ ಅರೆದರೆ ಕೆಂಪು ಸಾಲ್ಸಾ. ನಮ್ಮ ರಂಜಕಕ್ಕೂ ಅದಕ್ಕೂ ಇರುವ ಅಂತರ ಅರ್ಧ ಹಿಡಿ ಟೊಮೆಟೊ ಮಾತ್ರ. ಹಸಿರು ಸಾಲ್ಸಾಕ್ಕೆ ಅಲ್ಲಿ ತೊಮತಿಯೋ ಎಂಬ ಹುಳಿ ಕಾಯಿ ಬೇಕು. ಇಲ್ಲಿ ಕಾಯಿ ಟೊಮೆಟೊದ ಚಟ್ನಿ ಮಾಡದ ಮನೆ ಯಾವುದಿದೆ?

ಎಲ್ಲಕ್ಕಿಂತ ಬೆರಗು ಹುಟ್ಟಿಸುವುದು ವೆರಾಕ್ರೂಸ್ ಕಡೆಯ ಸಾಲ್ಸಾ ಮಾಚಾ. ಒಣ ಮೆಣಸಿನಕಾಯಿ, ಶೇಂಗಾ, ಎಳ್ಳು, ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಹುರಿದು ಕುಟ್ಟಿ, ಆ ಎಣ್ಣೆಯಲ್ಲೇ ಉಳಿಸಿಡುತ್ತಾರೆ. ಶೇಂಗಾ ಹಿಂಡಿಯ ಮೇಲೆ ಎಣ್ಣೆ ಸುರಿದು ರೊಟ್ಟಿಗೆ ಹಚ್ಚಿಕೊಂಡು ಬೆಳೆದ ನಾಲಿಗೆಗೆ ಅದನ್ನು ಪರಿಚಯಿಸುವ ಅಗತ್ಯವೇ ಇಲ್ಲ. ಶೇಂಗಾ ದಕ್ಷಿಣ ಅಮೆರಿಕದಿಂದ ಎರಡೂ ಕಡೆ ಹೋಯಿತು, ಎಳ್ಳು ನಮ್ಮ ಕಡೆಯಿಂದ ಅಲ್ಲಿಗೆ ಹೋಯಿತು. ಎರಡು ನಾಡಿನ ಹೆಂಗಸರು ಒಬ್ಬರನ್ನೊಬ್ಬರು ನೋಡದೆ ಒಂದೇ ಹಿಂಡಿ ಕುಟ್ಟಿದರು.

ಏನೇನು ಬಡಿಸಬೇಕು

ನಿಪ್ಪಾಣಿ ಹಿಡಿದು ಕೊಲ್ಹಾಪುರದ ಕಡೆಗಿನ ಹೆದ್ದಾರಿಯ ಖಾನಾವಳಿಗಳಲ್ಲಿ ತಾಂಬಡಾ ರಸ್ಸಾ ಎಂಬ ಕೆಂಪು ಸಾರು ಕುಡಿದವರಿಗೆ ಹಾಲಿಸ್ಕೊ ರಾಜ್ಯದ ಬಿರ್ರಿಯಾ ತಕ್ಷಣ ಒಗ್ಗುತ್ತದೆ. ಆಡಿನ ಮಾಂಸವನ್ನು ಒಣಮೆಣಸಿನಕಾಯಿಯ ಗೊಜ್ಜಿನಲ್ಲಿ ತಾಸುಗಟ್ಟಲೆ ಬೇಯಿಸಿ, ಮಾಂಸವನ್ನು ಟೋರ್ಟಿಯಾದೊಳಗಿಟ್ಟು, ಕೆಂಪು ರಸವನ್ನು ಬಟ್ಟಲಲ್ಲಿ ಬೇರೆ ಕೊಡುತ್ತಾರೆ. ಅದ್ದಿ ತಿನ್ನಬೇಕು. ಮೇಲೆ ಹೆಚ್ಚಿದ ಉಳ್ಳಾಗಡ್ಡಿ, ಕೊತಂಬರಿ, ನಿಂಬೆ. ಈ ಮೂರೂ ಸಾಗರ ದಾಟಿ ಮೆಕ್ಸಿಕೋಕ್ಕೆ ಹೋದವು, ಈಗ ಅವಿಲ್ಲದೆ ಅಲ್ಲಿ ಟಾಕೊ ಇಲ್ಲ.

ಆದರೆ ಈ ಸೀಮೆಯ ಊಟದ ಕೇಂದ್ರ ಮಾಂಸವಲ್ಲ. ಇಲ್ಲಿ ಲಿಂಗಾಯತರು, ಜೈನರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಕಾಗವಾಡ, ಚಿಕ್ಕೋಡಿ, ರಾಯಬಾಗದ ಜೈನ ರೈತ ಮನೆಗಳಲ್ಲಿ ಸಂಜೆ ದೀಪ ಹಚ್ಚುವ ಮೊದಲೇ ಊಟ ಮುಗಿಯುತ್ತದೆ, ನೇಮ ಹಿಡಿದವರು ಗಡ್ಡೆ ಗೆಣಸು ಮುಟ್ಟುವುದಿಲ್ಲ. ಅಂಥವರಿಗೂ ಈ ಮೆಕ್ಸಿಕೋ ಊಟದ ಮೇಜಿನಲ್ಲಿ ಪೂರ್ತಿ ಊಟ ಸಿಗಬೇಕು, ಸಿಗುತ್ತದೆ ಕೂಡ. 1519ರಲ್ಲಿ ಸ್ಪೇನಿನವರು ದಂಡೆತ್ತಿ ಬರುವ ಮೊದಲು ಮೆಕ್ಸಿಕೋದಲ್ಲಿ ದನ, ಹಂದಿ, ಕುರಿ ಇರಲಿಲ್ಲ, ಹಾಲಿನ ಚೀಸೂ ಇರಲಿಲ್ಲ. ಹಳ್ಳಿಯ ದಿನನಿತ್ಯದ ಊಟ ಗೋವಿನಜೋಳ, ಕಾಳು, ಕುಂಬಳ, ಸೊಪ್ಪು, ಮೆಣಸಿನಕಾಯಿಯ ಮೇಲೆ ನಿಂತಿತ್ತು. ಉಳ್ಳಾಗಡ್ಡಿ ಬೆಳ್ಳುಳ್ಳಿಯೂ ಆಮೇಲೆ ಬಂದವು. ಸುಟ್ಟ ಟೊಮೆಟೊ, ಬ್ಯಾಡಗಿ, ಉಪ್ಪು ಇಷ್ಟರಿಂದಲೇ ಮಾಡಿದ ಸಾಲ್ಸಾ ಜೈನರಿಗೂ ಸಲ್ಲುತ್ತದೆ, ಇತಿಹಾಸಕ್ಕೂ ಸಲ್ಲುತ್ತದೆ. ಮೆಕ್ಸಿಕೋದಲ್ಲಿ ದಿನದ ದೊಡ್ಡ ಊಟದ ಹೊತ್ತು ಮಧ್ಯಾಹ್ನ ಎರಡರಿಂದ ನಾಲ್ಕು. ಕಾಗವಾಡದ ಗಡಿಯಾರಕ್ಕೆ ಅದು ಸರಿಹೊಂದುತ್ತದೆ. ರಾತ್ರಿಯ ಬಣ್ಣದ ದೀಪದ ರೆಸ್ಟೋರೆಂಟಿಗಿಂತ ಹಗಲಿನ ಖಾನಾವಳಿಯೇ ಇಲ್ಲಿಗೆ ತಕ್ಕದ್ದು.

ಟೋರ್ಟಿಯಾದೊಳಗೆ ಮಡಕಿಕಾಳಿನ ಉಸುಳಿ ಇಡಿ, ಅದು ಮೆಕ್ಸಿಕೋದ ಹುರಿದ ರಾಜ್ಮಾದ ಗೊಜ್ಜಿಗಿಂತ ಹಗುರ. ಎಣ್ಣೆಗಾಯಿಯನ್ನು ಇಡಿ. ಮೆಕ್ಸಿಕೋದ ಪ್ವೆಬ್ಲಾ ಸೀಮೆಯ ಹೆಸರಾಂತ ಮೋಲೇ ಗೊಜ್ಜಿಗೆ ಒಣಮೆಣಸಿನಕಾಯಿ, ಶೇಂಗಾ, ಎಳ್ಳು, ಒಣದ್ರಾಕ್ಷಿ, ಲವಂಗ, ದಾಲ್ಚಿನ್ನಿ, ಕೊನೆಗೆ ತುಸು ಚಾಕೊಲೇಟ್ ಬೀಳುತ್ತವೆ. ನಮ್ಮ ಬದನೆಯ ಎಣ್ಣೆಗಾಯಿಯ ಮಸಾಲೆಯಲ್ಲಿ ಶೇಂಗಾ, ಎಳ್ಳು, ಗುರೆಳ್ಳು, ಕೊಬ್ಬರಿ ಇವೆ, ಕೊನೆಗೆ ತುಸು ಬೆಲ್ಲ. ಅಥಣಿಯ ಕಡೆ ದ್ರಾಕ್ಷಿ ಬೆಳೆಯುತ್ತಾರೆ, ಒಣದ್ರಾಕ್ಷಿಗೆ ದೂರ ಹೋಗಬೇಕಿಲ್ಲ. ಚಾಕೊಲೇಟ್ ಬಿಟ್ಟರೂ ಆ ಗೊಜ್ಜಿನ ಆಳ ಬರುತ್ತದೆ.

ಬೆಣ್ಣೆಹಣ್ಣಿನ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಕಟ್ಟುನಿಟ್ಟು. ಕೊಡಗಿನ ಕಾಫಿ ತೋಟಗಳಲ್ಲಿ ಅದು ಚೆನ್ನಾಗಿ ಬರುತ್ತದೆ, ಚೆಟ್ಟಳ್ಳಿಯ ತೋಟಗಾರಿಕೆ ಸಂಶೋಧನಾ ಕೇಂದ್ರ ಒಳ್ಳೆಯ ತಳಿಗಳನ್ನೂ ಕೊಟ್ಟಿದೆ. ಸುಗ್ಗಿಯಲ್ಲಿ ಕೊಡಗಿನದು ಸಿಕ್ಕರೆ ಬಳಸಲಿ, ಸಿಗದ ತಿಂಗಳಲ್ಲಿ ವಿದೇಶದ ಹಣ್ಣು ತರಿಸಿ ‘ಸ್ಥಳೀಯ’ ಎಂಬ ಫಲಕದ ಕೆಳಗೆ ಬಡಿಸುವುದು ಬೇಡ.

ಕುಡಿಯಲು ಹುಣಸೆ ಪಾನಕ ಸಾಕು. ಹುಣಸೆ ಸ್ಪೇನಿನವರ ಕಾಲದಲ್ಲಿ ಮೆಕ್ಸಿಕೋ ಸೇರಿ ಈಗ ಅಲ್ಲಿನ ಬೀದಿಬೀದಿಯ ತಂಪು ಪಾನೀಯವಾಗಿದೆ. ಅದರ ಪಕ್ಕದ ಗಾಜಿನ ಭರಣಿಯಲ್ಲಿರುವ ಕಡುಗೆಂಪು ಪಾನೀಯ ನಮ್ಮ ಪುಂಡಿಯ ಬಳಗದ ಕೆಂಪು ಜಾತಿಯ ಹೂವಿನ ತೊಟ್ಟೆಸಳಿನದು. ನಾವು ಪುಂಡಿಯ ಸೊಪ್ಪು ಬೇಯಿಸಿ ಪಲ್ಯ ಮಾಡಿದೆವು, ಅವರು ಎಸಳು ಕುದಿಸಿ ಸಕ್ಕರೆ ಹಾಕಿದರು. ಸಿಹಿಗೆ ರಾಜಗಿರಿ. ಏಕಾದಶಿಯ ಉಪವಾಸಕ್ಕೆ ಬೆಲ್ಲದ ಪಾಕ ಹಾಕಿ ಕಟ್ಟುವ ರಾಜಗಿರಿ ಉಂಡೆ, ಚಿಕ್ಕಿಯನ್ನು ಮೆಕ್ಸಿಕೋದಲ್ಲೂ ಹಾಗೆಯೇ ಕಟ್ಟುತ್ತಾರೆ. ಅಜ್ಟೆಕರು ಆ ಕಾಳಿನ ಹಿಟ್ಟಿನಿಂದ ದೇವರ ಮೂರ್ತಿ ಮಾಡಿ ಪೂಜಿಸಿ ಪ್ರಸಾದವಾಗಿ ಹಂಚಿಕೊಳ್ಳುತ್ತಿದ್ದರು. ಸ್ಪೇನಿನ ಪಾದ್ರಿಗಳು ಆ ಆಚರಣೆಯನ್ನು ಹತ್ತಿಕ್ಕಿದರು. ಆ ಕಾಳು ನಮ್ಮಲ್ಲಿ ವಿಠ್ಠಲನ ಭಕ್ತರ ಉಪವಾಸದ ತಟ್ಟೆಯಲ್ಲಿ ಮರ್ಯಾದೆಯಿಂದ ಕೂತಿದೆ ಎಂದು ನೆನೆದಾಗ ಮನಸ್ಸು ತುಂಬಿ ಬರುತ್ತದೆ. ಮೇಜಿನ ಮೇಲೆ ಚೆಂಡುಹೂ ಇಡಿ, ಸುಗಂಧರಾಜ ಇಡಿ. ಎರಡೂ ಮೆಕ್ಸಿಕೋದ ಗಿಡಗಳೇ.

ಪ್ರೇರಣೆಯ ಋಣ

‘ಮೆಕ್ಸಿಕೋ ಪ್ರೇರಿತ’ ಎಂದು ಫಲಕ ಹಾಕುವವರು ಅಥಣಿಯ ಚಪ್ಪಲಿ ಕಸುಬುದಾರರ ಜೊತೆ ಒಂದು ಮಾತು ಆಡಬೇಕು. ಪ್ರೇರಣೆ ಎಂದರೆ ಕೊಟ್ಟವನ ಕಡೆಯಿಂದ ಏನು ಎಂಬುದು ಅವರಿಗೆ ಗೊತ್ತು. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಕ ಸಿಕ್ಕಾಗ ಅದು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಕ್ಕೂ ಸೇರಿದ ಹಕ್ಕಾಗಿತ್ತು. ಅಥಣಿ, ನಿಪ್ಪಾಣಿಯ ಕುಟುಂಬಗಳು ತಲೆಮಾರುಗಳಿಂದ ಅದನ್ನು ಹೊಲಿಯುತ್ತ ಬಂದಿವೆ. 2025ರ ಜೂನ್‌ನಲ್ಲಿ ಪ್ರಾಡಾ ಕಂಪನಿ ಮಿಲಾನ್‌ನ ವೇದಿಕೆಯ ಮೇಲೆ ಅದೇ ವಿನ್ಯಾಸದ ಚಪ್ಪಲಿಯನ್ನು ಮೂಲದ ಹೆಸರು ಹೇಳದೆ ತೋರಿಸಿತು. ಕೂಗೆದ್ದ ಮೇಲೆ ಮೂಲವನ್ನು ಒಪ್ಪಿಕೊಂಡಿತು, ಡಿಸೆಂಬರ್‌ನಲ್ಲಿ ಎರಡೂ ರಾಜ್ಯಗಳ ಚರ್ಮೋದ್ಯಮ ನಿಗಮಗಳ ಜೊತೆ ಒಪ್ಪಂದಕ್ಕೂ ಬಂತು.

ಮೆಕ್ಸಿಕೋದಲ್ಲಿ ಏನಾಯಿತು ಗೊತ್ತೆ? ಅದೇ ವರ್ಷದ ಆಗಸ್ಟ್‌ನಲ್ಲಿ ಅಡಿಡಾಸ್ ಕಂಪನಿ ಒಹಾಕಾ ರಾಜ್ಯದ ಹೆಸರಿಟ್ಟು ಒಂದು ಪಾದರಕ್ಷೆ ತಂದಿತು. ಅದು ಆ ರಾಜ್ಯದ ಯಲಾಲಾಗ್ ಎಂಬ ಊರಿನವರು ಹೆಣೆಯುವ ಹುವಾರಾಚೆ ಚಪ್ಪಲಿಯ ನಕಲು ಎಂದು ಸರಕಾರವೇ ದನಿಯೆತ್ತಿತು. ಕಂಪನಿಯ ಪ್ರತಿನಿಧಿಗಳು ಆ ಊರಿಗೇ ಹೋಗಿ ಕ್ಷಮೆ ಕೇಳಿದರು. ಎರಡು ತಿಂಗಳ ಅಂತರದಲ್ಲಿ ಎರಡು ಚಪ್ಪಲಿ, ಒಂದೇ ನೋವು. ಮೆಕ್ಸಿಕೋ ನಗರದ ಬೀದಿಯಲ್ಲಿ ಆ ಚಪ್ಪಲಿಯಾಕಾರದಲ್ಲೇ ಉದ್ದಕ್ಕೆ ತಟ್ಟಿ, ಮೇಲೆ ಕಾಳು, ಖಾರ ಹರಡಿ ಕೊಡುವ ದಪ್ಪ ರೊಟ್ಟಿಯೂ ಇದೆ. ಅದರ ಹೆಸರೂ ಹುವಾರಾಚೆ. ಅಥಣಿಯಲ್ಲಿ ಅದನ್ನು ಬಡಿಸಿದಾಗ ಯಲಾಲಾಗಿನ ಹೆಸರು ಹೇಳಿ ಬಡಿಸಲಿ.

ಹೆಸರಿನಷ್ಟೇ ಮುಖ್ಯ ಬೆಲೆ. ಇದನ್ನು ನಿಪ್ಪಾಣಿ ರಕ್ತ ಕೊಟ್ಟು ಕಲಿತಿದೆ. ತಂಬಾಕೂ ಅಮೆರಿಕ ಖಂಡದ ಗಿಡವೇ. ಅದನ್ನು ಬೆಳೆದ ನಿಪ್ಪಾಣಿ ಸೀಮೆಯ ರೈತರು ನ್ಯಾಯದ ಬೆಲೆ ಕೇಳಿ 1981ರಲ್ಲಿ ರೈತ ನಾಯಕ ಶರದ ಜೋಶಿಯವರ ನೇತೃತ್ವದಲ್ಲಿ ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆ ಕೂತರು. ಪೊಲೀಸರ ಗೋಲಿಬಾರಿನಲ್ಲಿ ರೈತರು ಜೀವ ಕಳೆದುಕೊಂಡರು. ಅದೇ ಊರಿನ ತಂಬಾಕು ಕಾರ್ಖಾನೆಗಳ ಹೆಣ್ಣುಮಕ್ಕಳು ಸಂಘ ಕಟ್ಟಿ ಹೋರಾಡಿದ ಕಥೆಯನ್ನು ಯುಗಾಂತರ ಎಂಬ ಚಿತ್ರತಂಡ 1982ರಲ್ಲಿ ಸಾಕ್ಷ್ಯಚಿತ್ರವಾಗಿ ಮಾಡಿತು. ಇಂಥ ನೆಲದಲ್ಲಿ ‘ಸ್ಥಳೀಯ ಪದಾರ್ಥ’ ಎಂಬುದು ಫಲಕದ ಶೃಂಗಾರವಾಗಿ ಉಳಿಯಬಾರದು. ಗೋವಿನಜೋಳಕ್ಕೆ ಕೋಳಿ ಆಹಾರದ ಗಿರಣಿ ಕೊಡುವ ದರಕ್ಕಿಂತ ಊಟದ ಮೇಜು ಹೆಚ್ಚು ಕೊಡಬೇಕು. ಬಣ್ಣಬಣ್ಣದ ಜವಾರಿ ತೆನೆ, ಮಾಲದಂಡಿ, ಸಂಕೇಶ್ವರಿ ಬೀಜ ಉಳಿಸಿಕೊಂಡ ಮನೆಯಿಂದ ನೇರ ಖರೀದಿಸಬೇಕು. ರೊಟ್ಟಿ ಬಡಿಯುವ ಹೆಂಗಸಿಗೆ ಅಡುಗೆ ಭಟ್ಟರ ಸಂಬಳವೇ ಸಿಗಬೇಕು, ಯಾಕೆಂದರೆ ಈ ಇಡೀ ಊಟ 3000 ವರ್ಷಕ್ಕೂ ಹಿಂದಿನಿಂದ ಅಂಥ ಕೈಗಳ ಮೇಲೆಯೇ ನಿಂತಿದೆ.

ಕೊಟ್ಟವರ ಹೆಸರು ನೆನೆಯುವ ಗೌರವವನ್ನು ಮೆಕ್ಸಿಕೋ ನಮಗೆ ಮೊದಲೇ ಸಲ್ಲಿಸಿದೆ. ವರ್ಧಾದಲ್ಲಿ ಹುಟ್ಟಿ, ದೇಶ ಬಿಟ್ಟು ಗದರ್ ಕ್ರಾಂತಿಕಾರಿಯಾದ ಪಾಂಡುರಂಗ ಖಾನಖೋಜೆ ಅಲ್ಲಿನ ಚಾಪಿಂಗೊ ಕೃಷಿ ಶಾಲೆಯಲ್ಲಿ ಪ್ರಾಧ್ಯಾಪಕರಾಗಿ ಗೋವಿನಜೋಳದ ತಳಿಗಳ ಮೇಲೆ ಕೆಲಸ ಮಾಡಿದರು, ರೈತರಿಗಾಗಿ ಉಚಿತ ಕೃಷಿ ಶಾಲೆಗಳನ್ನು ಕಟ್ಟಿದರು. ಚಿತ್ರಕಾರ ಡಿಯೇಗೊ ರಿವೇರಾ ಮೆಕ್ಸಿಕೋ ನಗರದ ಶಿಕ್ಷಣ ಸಚಿವಾಲಯದ ಗೋಡೆಯ ಮೇಲೆ ಎಲ್ಲ ಬಣ್ಣದ ಜನ ಒಂದೇ ಮೇಜಿನ ಸುತ್ತ ಕೂತ ಚಿತ್ರ ಬರೆದಾಗ, ರೊಟ್ಟಿ ಮುರಿದು ಹಂಚುವವರ ಜಾಗದಲ್ಲಿ ಖಾನಖೋಜೆಯವರನ್ನೇ ಕೂರಿಸಿದರು. 2022ರಲ್ಲಿ ಚಾಪಿಂಗೊದಲ್ಲಿ ಅವರ ಪ್ರತಿಮೆಯೂ ಅನಾವರಣವಾಯಿತು.

ಇಂಥದೊಂದು ಖಾನಾವಳಿಯನ್ನು ಯಾರಾದರೂ ತೆರೆಯುವುದಾದರೆ ಮಾಘ ಮಾಸ ಕಳೆದ ಮೇಲೆ ತೆರೆಯಲಿ. ಆಗ ಹಿಂಗಾರಿ ಜೋಳದ ರಾಶಿ ಶುರುವಾಗಿರುತ್ತದೆ, ಹೊಸ ಬ್ಯಾಡಗಿ ಮತ್ತು ಸಂಕೇಶ್ವರಿ ಪೇಟೆಗೆ ಬಂದು ಮನೆಮನೆಯ ಅಂಗಳದಲ್ಲಿ ಒಣಗುತ್ತಿರುತ್ತವೆ, ಹೊಸ ಬೆಲ್ಲ ಇನ್ನೂ ಮೆತ್ತಗಿರುತ್ತದೆ, ಹುಣಸೆ ಮರದಿಂದ ಇಳಿಯುತ್ತಿರುತ್ತದೆ. ಗೋವಿನಜೋಳ ಮಾತ್ರ ಮುಂಗಾರಿನದು. ಅದನ್ನು ದೀಪಾವಳಿಯ ಹೊತ್ತಿಗೇ ಒಳ್ಳೆಯ ಮನೆಗಳಿಂದ ಕೊಂಡು, ಬೇವಿನ ಸೊಪ್ಪು ಹಾಕಿ ಕಟ್ಟಿಡಬೇಕು.